ಹತ್ತು ಪಟ್ಟು ಮಾರುಕಟ್ಟೆ

ಮಾರಾಟ ವಿಭಾಗದ ಅಧಿಕಾರಿ ಹಿಂದಿನ ಸಂಜೆ ಮಗಳ ಪಾಲಿನ ಐಸ್‌ಕ್ರೀಮನ್ನೂ ತಾನೇ ತಿಂದು ಮುಗಿಸಿದ್ದು ಇಷ್ಟೂ ಅನಾಹುತಕ್ಕೆ ಮೂಲ. ಬೆಳಿಗ್ಗೆ ಕಾರ್ಖಾನೆಗೆ ಬಂದು ಅವನು ಬಾಯಿ ತೆರೆದರೆ, ಮಾತಿನ ಬದಲು ತುಕ್ಕು ಹಿಡಿದ ಗೇಟು ತಳ್ಳಿದ ಸದ್ದು ಹೊರಟಿತು.

ಬೇರೆ ದಿನವಾಗಿದ್ದರೆ ಎಲ್ಲರೂ ಒಳಗೊಳಗೇ ಖುಷಿಪಡುತ್ತಿದ್ದರು. ಆದರೆ ಅಂದು ಮಧ್ಯಾಹ್ನ ದೊಡ್ಡ ಕಂಪನಿಯ ಮೂವರು ಬರುವವರಿದ್ದರು. ಲಾರಿಗೆ, ಟ್ರ್ಯಾಕ್ಟರಿಗೆ ಸೀಸದ ಬ್ಯಾಟರಿ ಮಾಡುವ ಈ ಕಾರ್ಖಾನೆಗೆ ಎರಡು ವರ್ಷದಿಂದ ಆರ್ಡರ್ ಸರಿಯಾಗಿ ಬರುತ್ತಿರಲಿಲ್ಲ. ಒಂದು ಶೆಡ್ಡಿಗೆ ಆಗಲೇ ಬೀಗ ಬಿದ್ದು, ಒಳಗೆ ಪಾರಿವಾಳಗಳು ಸಂಸಾರ ಹೂಡಿದ್ದವು. ದೇಶಕ್ಕೆಲ್ಲ ಈಗ ಹೊಸ ಬಗೆಯ ಬ್ಯಾಟರಿ ಬೇಕಂತೆ. ಅದನ್ನು ಎಲ್ಲಿ ತಯಾರಿಸೋಣ ಎಂದು ದೊಡ್ಡ ಕಂಪನಿ ಜಾಗ ಹುಡುಕುತ್ತಿತ್ತು. ಅವರು ಬಂಡವಾಳ ಹಾಕಿದರೆ ಶೆಡ್ಡಿನ ಬೀಗ ತೆರೆಯುತ್ತದೆ, ಇಲ್ಲದಿದ್ದರೆ ಉಳಿದ ಶೆಡ್ಡುಗಳಿಗೂ ಬೀಗ. ನಿರ್ಧಾರಕ್ಕೆ ಮೊದಲು ಅವರು ಕೇಳಬೇಕೆಂದದ್ದು ಒಂದೇ: ಮುಂದಿನ ಹತ್ತು ವರ್ಷದಲ್ಲಿ ದೇಶದ ಬ್ಯಾಟರಿ ಮಾರುಕಟ್ಟೆ ಎಷ್ಟು ಬೆಳೆಯುತ್ತದೆ?

ಅದಕ್ಕೆ ಉತ್ತರವಾಗಿ ಆ ಅಧಿಕಾರಿ ಮಾಡಬೇಕಿದ್ದ ಭಾಷಣಕ್ಕೆ ಲೆಕ್ಕ ಹಾಕಿ, ಪರದೆಯ ಚಿತ್ರಗಳನ್ನು ಬರೆದುಕೊಟ್ಟಿದ್ದ ಗುಮಾಸ್ತನನ್ನು ಮ್ಯಾನೇಜರ್ ಕರೆಸಿದರು. ಅವನನ್ನು ಎಲ್ಲರೂ ಪಿಸುಮಾತು ಎಂದೇ ಕರೆಯುತ್ತಿದ್ದರು. ಮದುವೆಯ ದಿನ ಅವನು ‘ಒಪ್ಪಿಗೆ’ ಎಂದದ್ದು ಪಕ್ಕದಲ್ಲಿದ್ದ ಹುಡುಗಿಗೂ ಕೇಳಿಸಿರಲಿಲ್ಲವಂತೆ.

"ನೀನೇ ಮಾತಾಡ್ಬೇಕು ಕಣಯ್ಯಾ."

"ನಾನಾ ಸಾರ್?"

"ಏನಂದೆ?"

"ನನ್ನಿಂದ ಆಗಲ್ಲ ಅಂದೆ ಸಾರ್."

"ಆಗುತ್ತೆ ಅಂದ್ಯಲ್ಲ, ಅಷ್ಟು ಸಾಕು ಹೋಗು," ಎಂದು ಮ್ಯಾನೇಜರ್ ಫೋನ್ ಎತ್ತಿಕೊಂಡರು.

ಸುದ್ದಿ ಪಿಸುಮಾತಿಗಿಂತ ಮೊದಲೇ ಮೆಟ್ಟಿಲಿಳಿದಿತ್ತು. ಅವನು ತನ್ನ ಮೇಜು ಸೇರುವಷ್ಟರಲ್ಲಿ ಕಾರ್ಮಿಕ ಸಂಘದ ಮುಖಂಡ ಅಲ್ಲಿ ಕಾದು ಕೂತಿದ್ದ. ಇವನ ಅಡ್ಡಹೆಸರು ಗುಡುಗು. ಗುಟ್ಟು ಹೇಳಿದರೂ ಕಾಂಪೌಂಡಿನಾಚೆಗೆ ಕೇಳಿಸುತ್ತಿತ್ತು.

"ಏನ್ ಬರ್ದಿದೀರಿ ತೋರಿಸಿ. ಎರಡು ಪಟ್ಟು? ಹತ್ತು ವರ್ಷಕ್ಕೆ ಬರೀ ಎರಡು ಪಟ್ಟಾ?"

"ಲೆಕ್ಕ ಹಾಕಿದ್ರೆ ಅಷ್ಟೇ ಬರೋದು..."

"ಲೆಕ್ಕ ಕೇಳೋಕೆ ಬರ್ತಿಲ್ಲ ಅವ್ರು, ಭರವಸೆ ಕೇಳೋಕೆ ಬರ್ತಿದಾರೆ! ಮೂರು ಮಾಡಿ."

ಪಿಸುಮಾತು ಮೂರು ಮಾಡಿದ. ಗುಡುಗಿನ ಎದುರು ಇಲ್ಲವೆನ್ನಲು ಬೇಕಾದಷ್ಟು ಗಂಟಲು ಅವನಲ್ಲಿರಲಿಲ್ಲ.

ಸ್ವಲ್ಪ ಹೊತ್ತಿಗೆ ಕ್ಯಾಂಟೀನಿನ ಅಕ್ಕ ಬಿಸಿನೀರಿಗೆ ಜೇನು ಬೆರೆಸಿ ತಂದಳು. "ಕುಡಿಯಪ್ಪಾ, ಧ್ವನಿ ಬಿಟ್ಕೊಳ್ಳುತ್ತೆ. ಎಷ್ಟು ಪಟ್ಟು ಅಂತ ಹೇಳ್ತೀಯಾ?"

"ಮೂರು."

"ಅಷ್ಟೇನಾ? ಶೆಡ್ಡು ತೆರೆದ್ರೆ ಎಷ್ಟು ಜನ ಊಟಕ್ಕೆ ಬರ್ತಾರೆ, ನೀನೇ ಯೋಚನೆ ಮಾಡು. ಐದಾದ್ರೂ ಅನ್ನು."

ಅವಳ ಲೋಟದ ಋಣಕ್ಕೆ ಮಾರುಕಟ್ಟೆ ಐದು ಪಟ್ಟಾಯಿತು. ಇಡೀ ದೇಶದಲ್ಲಿ ಅಷ್ಟು ಬೇಗ ಬೆಳೆದ ಉದ್ಯಮ ಇನ್ನೊಂದಿರಲಿಲ್ಲ.

ಊಟದ ಹೊತ್ತಿಗೆ ಅಣ್ಣ ಬಂದ. ಪಿಸುಮಾತಿನ ಒಡಹುಟ್ಟಿದ ಅಣ್ಣ. ವರ್ಷಗಟ್ಟಲೆ ಸೀಸ ಕರಗಿಸುವ ಒಲೆಯ ಮುಂದೆ ನಿಂತವನು. ರಕ್ತದಲ್ಲಿ ಸೀಸ ಮಿತಿಮೀರಿದೆ ಎಂದು ಡಾಕ್ಟರು ಹೇಳಿದ ಮೇಲೆ ಅವನನ್ನು ಪ್ಯಾಕಿಂಗಿಗೆ ಹಾಕಿದ್ದರು. ಈಗೀಗ ಮಂಡಿ ನೋವು, ಹೊಟ್ಟೆ ನೋವು, ಎದುರಿಗಿದ್ದವರ ಹೆಸರು ಮರೆಯುವುದು.

"ನೀನು ಮಾತಾಡ್ತೀಯಂತಲ್ಲೋ."

"ಹೂಂ ಅಣ್ಣಾ. ಐದು ಪಟ್ಟು ಅಂತ ಹೇಳ್ಬೇಕು. ಅದೇ ಹೆಚ್ಚಾಯ್ತು ಅಂತ ಭಯ."

ಅಣ್ಣ ನಿಧಾನವಾಗಿ ಕುರ್ಚಿಯಲ್ಲಿ ಕೂತ. "ಈ ಕಾರ್ಖಾನೆ ಗೋದಾಮಲ್ಲಿ ಇರೋದಕ್ಕಿಂತ ಜಾಸ್ತಿ ಸೀಸ ನನ್ನ ಮೈಯಲ್ಲಿದೆ ಕಣೋ. ಇಲ್ಲಿ ಬಾಗಿಲು ಹಾಕಿದ್ರೆ ನನ್ನನ್ನ ಗುಜರಿಯವನೇ ತಗೋಬೇಕು, ಬೇರೆ ಯಾರು ತಗೋತಾರೆ? ಹತ್ತು ಅನ್ನು."

"ಸುಳ್ಳಾಗುತ್ತಲ್ಲ ಅಣ್ಣಾ?"

"ಹತ್ತು ವರ್ಷ ಆದ್ಮೇಲೆ ತಾನೇ ಗೊತ್ತಾಗೋದು? ಅಷ್ಟು ಹೊತ್ತಿಗೆ ಕೇಳೋಕೆ ನಾನಂತೂ ಇರಲ್ಲ," ಎಂದು ಅಣ್ಣ ನಕ್ಕ. ನಗು ಕೆಮ್ಮಾಗಿ, ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಅದು ನಿಲ್ಲುವಷ್ಟರಲ್ಲಿ ಪಿಸುಮಾತು ಐದನ್ನು ಅಳಿಸಿ ಹತ್ತು ಎಂದು ಹಾಕಿದ್ದ.

ಇನ್ನು ವೇಷ. ಗುಡುಗು ತನ್ನ ಕೋಟನ್ನೇ ಬಿಚ್ಚಿ ತೊಡಿಸಿದ. ಅದರೊಳಗೆ ಪಿಸುಮಾತು ಚೀಲದ ತಳದಲ್ಲಿ ಉಳಿದ ಒಂದೇ ಆಲೂಗಡ್ಡೆಯಂತೆ ಕಂಡ. ಸಭೆಯ ಕೋಣೆಯಲ್ಲಿ ಪ್ರದರ್ಶನಕ್ಕೆಂದು ಇಟ್ಟಿದ್ದ ಬ್ಯಾಟರಿಗೆ ಧೈರ್ಯಕ್ಕಾಗಿ ಒರಗಿ ನಿಂತ. ಬ್ಯಾಟರಿ ಸೋರುತ್ತಿತ್ತು. ಪ್ಯಾಂಟಿನ ಮೇಲೆ ಮೊದಲು ಸಾಸಿವೆಯಷ್ಟು ತೂತು, ಆಮೇಲೆ ನಾಣ್ಯದಷ್ಟು, ಆಮೇಲೆ ಲೋಟದ ಬಾಯಿಯಷ್ಟು. ಕ್ಯಾಂಟೀನಿನ ಅಕ್ಕ ಓಡಿಬಂದು ಅಡುಗೆ ಸೋಡಾದ ನೀರು ಸುರಿದಳು. ಆಸಿಡ್ಡು ಅಡಗಿತು, ಆದರೆ ಪ್ಯಾಂಟು ಒದ್ದೆಯಾದ ಜಾಗ ಎಂಥದ್ದೆಂದರೆ, ಒಳಗೆ ಬಂದ ಅತಿಥಿಗಳು ನೋಡಿ ಮರ್ಯಾದೆಗೆ ಬೇರೆ ಕಡೆ ಮುಖ ತಿರುಗಿಸಿಕೊಂಡರು.

ಮೂವರಲ್ಲಿ ಮುಖ್ಯಸ್ಥೆ ಒಬ್ಬ ನೆರೆಗೂದಲಿನ ಹೆಂಗಸು. "ಶುರು ಮಾಡಿ," ಎಂದರು.

ಪಿಸುಮಾತು ಕೈಯಲ್ಲಿದ್ದ ರಿಮೋಟ್ ಒತ್ತಿದ. ಪರದೆಯ ಚಿತ್ರ ಅಲುಗಲಿಲ್ಲ. ಇನ್ನೊಮ್ಮೆ ಒತ್ತಿದ. ಹೆಬ್ಬೆರಳು ಬೆಳ್ಳಗಾಗುವವರೆಗೆ ಒತ್ತಿದ.

"ಸೆಲ್ ಸತ್ತಿದೆ ಸಾರ್."

"ಏನಂದೆ?" ಎಂದರು ಮ್ಯಾನೇಜರ್.

"ಬ್ಯಾಟರಿ ಇಲ್ಲ ಅಂತಿದಾರೆ," ಎಂದು ಬಾಗಿಲ ಹೊರಗಿಂದಲೇ ಪಿಸುಮಾತಿನ ತುಟಿ ನೋಡಿ ಗುಡುಗು ಇಡೀ ಸಭೆಗೆ ಬಿಡಿಸಿ ಹೇಳಿದ.

ಲಾರಿ ಎಬ್ಬಿಸುವ ಬ್ಯಾಟರಿಗಳನ್ನು ಅಟ್ಟಣಿಗೆಯವರೆಗೆ ಪೇರಿಸಿದ್ದ ಆ ಕಾರ್ಖಾನೆಯಲ್ಲಿ ಕಿರುಬೆರಳಿನಷ್ಟು ಸೆಲ್ ಒಂದು ಸಿಗಲಿಲ್ಲ. ಕೊನೆಗೆ ಮ್ಯಾನೇಜರ್ ತಾವೇ ಕುರ್ಚಿ ಹತ್ತಿ ಗೋಡೆ ಗಡಿಯಾರದ ಹೊಟ್ಟೆಯಿಂದ ಒಂದನ್ನು ಕಿತ್ತು ಕೊಟ್ಟರು. ಗಡಿಯಾರ ನಿಂತಿತು, ಚಿತ್ರ ಓಡಿತು.

ಪಿಸುಮಾತು ತುಟಿ ಆಡಿಸತೊಡಗಿದ. ಅತಿಥಿಗಳು ಮುಂದಕ್ಕೆ ಬಾಗಿದರು. ಇನ್ನೂ ಬಾಗಿದರು. ಒಬ್ಬರು ಕಿವಿಗೆ ಕೈ ಹಿಡಿದರು. ಬಾಗಿಲ ಗಾಜಿನಾಚೆ ಅಣ್ಣನ ಮುಖ ಅಂಟಿಕೊಂಡಿತ್ತು. ಅದನ್ನು ಕಂಡದ್ದೇ ಪಿಸುಮಾತಿಗೆ ಏನಾಯಿತೋ, ಹುಟ್ಟಿದಾಗ ಅತ್ತದ್ದು ಬಿಟ್ಟರೆ ಮೊದಲ ಸಲ ಕಿರುಚಿದ.

"ಹತ್ತು ಪಟ್ಟು!"

ಮುಖ್ಯಸ್ಥೆಯ ಕನ್ನಡಕ ಜಾರಿತು.

"ಹತ್ತು ಪಟ್ಟು ಮೇಡಂ! ಇವತ್ತು ದೇಶದಲ್ಲೆಲ್ಲ ಹೊರದೇಶದಿಂದ ಸೆಲ್ ತರಿಸಿ ನಮ್ಮ ಚೀಟಿ ಅಂಟಿಸ್ತಿದೀವಿ. ನಾಳೆ ಬಸ್ಸಿಗೆ ಬೇಕು, ಆಟೋಗೆ ಬೇಕು, ಆಸ್ಪತ್ರೆಗೆ ಬೇಕು. ಬಿಸಿಲಿನಿಂದ ಮಾಡಿದ ಕರೆಂಟನ್ನ ರಾತ್ರಿಗೆ ಎತ್ತಿಡೋಕೆ ಬೇಕು! ಎಲ್ಲಿಂದ ತರ್ತೀರಿ? ಇಲ್ಲೇ ಮಾಡ್ಬೇಕು!"

ಗಡಿಯಾರ ನಿಂತಿದ್ದರಿಂದ ಎಷ್ಟು ಹೊತ್ತು ಮಾತಾಡಿದ ಎಂದು ಯಾರಿಗೂ ತಿಳಿಯಲಿಲ್ಲ. ಮುಗಿದಾಗ ಮೂವರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೊರಗಿದ್ದವರಿಗೆ ಅಷ್ಟು ಕೇಳಿಸಿದ್ದೇ ಸಾಕಾಯಿತು. ಶಿಳ್ಳೆಗಳು ಅಂಗಳದವರೆಗೂ ಹೋದವು.

ಅತಿಥಿಗಳು ಮ್ಯಾನೇಜರ್ ಕೋಣೆಗೆ ಹೋಗಿ ಫೋನಿನಲ್ಲಿ ಮಾಲೀಕರೊಂದಿಗೆ ಮಾತಾಡಿದರು. ಆಮೇಲೆ ಪಿಸುಮಾತನ್ನೂ ಒಳಗೆ ಕರೆದರು.

"ನಿಮಗೆ ನಾವು ಥ್ಯಾಂಕ್ಸ್ ಹೇಳ್ಬೇಕು," ಎಂದರು ಮುಖ್ಯಸ್ಥೆ. "ಎರಡು ಪಟ್ಟು ಬೆಳೆದರೆ ಹೆಚ್ಚು ಅಂತ ನಮ್ಮವರ ಅಂದಾಜಿತ್ತು. ಅದಕ್ಕೇ ಆ ಬೀಗ ಹಾಕಿರೋ ಶೆಡ್ಡನ್ನ ರಿಪೇರಿ ಮಾಡಿಸಿ, ಇಲ್ಲಿನ ಜನರಿಗೇ ಕಲಿಸಿ, ಸಣ್ಣದಾಗಿ ಶುರು ಮಾಡೋಣ ಅಂತ ಒಪ್ಪಂದ ಕೂಡ ತಂದಿದ್ವಿ."

ಪಿಸುಮಾತಿನ ಮುಖ ಅರಳಿತು. ಆಮೇಲೆ ಆ ‘ತಂದಿದ್ವಿ’ ಅವನಿಗೆ ತಡವಾಗಿ ಕೇಳಿಸಿತು.

"ಹತ್ತು ಪಟ್ಟು ಅಂದ್ಮೇಲೆ ಈ ಜಾಗ ಯಾವ ಮೂಲೆಗೆ? ಬಂದರಿನ ಪಕ್ಕ ಖಾಲಿ ನೆಲ ನೋಡಿದೀವಿ. ಅಲ್ಲೇ ದೊಡ್ಡದಾಗಿ ಮಾಡ್ತೀವಿ. ಪೂರ್ತಿ ಯಂತ್ರಗಳೇ. ಇದನ್ನ ಗೋದಾಮಿಗೆ ಕೊಡ್ತೀನಿ ಅಂತ ನಿಮ್ಮ ಮಾಲೀಕರು ಈಗ ತಾನೇ ಒಪ್ಪಿದರು."

"ಇಲ್ಲಿರೋ ಜನ?"

"ಗೋದಾಮಿಗೆ ಒಬ್ಬ ಕಾವಲುಗಾರ ಸಾಕಲ್ವಾ?"

ಪಿಸುಮಾತು ಎರಡೂ ಕೈಯಿಂದ ಮೇಜು ಹಿಡಿದುಕೊಂಡ. "ಮೇಡಂ, ಅದು ಹತ್ತಲ್ಲ. ಎರಡೇ. ನಾನು ಸುಳ್ಳು ಹೇಳಿದೆ." ಪ್ರತಿ ಮಾತೂ ಸ್ಪಷ್ಟವಾಗಿ, ಎಲ್ಲರಿಗೂ ಕೇಳುವಂತೆ ಹೇಳಿದ.

ಆಕೆ ನಕ್ಕು ಅವನ ಭುಜ ತಟ್ಟಿದರು. "ದೊಡ್ಡ ಮಾತು ಆಡಿದ ಮೇಲೆ ಎಲ್ಲರಿಗೂ ಹೀಗೇ ಹೆದರಿಕೆ ಆಗುತ್ತೆ. ಸುಳ್ಳು ಹೇಳೋರು ಅಷ್ಟು ಮನಸ್ಸಿಟ್ಟು ಹೇಳಲ್ಲ."

"ನನಗೆ... ಅಲ್ಲಿ ಏನಾದ್ರೂ ಕೆಲಸ?"

"ಇಂಥ ಅಂದಾಜೆಲ್ಲ ಈಗ ಕಂಪ್ಯೂಟರೇ ಮಾಡುತ್ತಪ್ಪಾ," ಎಂದು ಆಕೆ ಕೈ ಕುಲುಕಿ ಹೊರಟರು. ಮ್ಯಾನೇಜರ್ ಕಿಟಕಿಯ ಕಡೆ ತಿರುಗಿ ನಿಂತಿದ್ದರು.

ಹೇಗೆ ಹೇಳುವುದೆಂದು ಮೆಟ್ಟಿಲಿಗೊಂದು ಮಾತು ಜೋಡಿಸುತ್ತ ಪಿಸುಮಾತು ಕೆಳಗಿಳಿದ. ಕೊನೆಯ ಮೆಟ್ಟಿಲಲ್ಲಿ ಅವನ ಕಾಲು ನೆಲ ಮುಟ್ಟಲೇ ಇಲ್ಲ. ಗುಡುಗು ಮತ್ತು ಚಾರ್ಜಿಂಗ್ ಕೋಣೆಯವರು ಅವನನ್ನು ಹೆಗಲ ಮೇಲೆ ಎತ್ತಿಕೊಂಡಿದ್ದರು.

"ಇಳಿಸ್ರಪ್ಪಾ, ಒಂದು ವಿಷಯ ಹೇಳ್ಬೇಕು!"

"ಹೇಳೋದೆಲ್ಲ ಒಳಗೇ ಹೇಳಾಯ್ತಲ್ಲ ಸಾರ್! ಇವತ್ತು ಇಳಿಸೋ ಮಾತೇ ಇಲ್ಲ!"

ಅಂಗಳವೆಲ್ಲ ಕುಣಿಯಿತು. ಎತ್ತಲು ಶಕ್ತಿಯಿಲ್ಲದ ಅಣ್ಣ ಪಕ್ಕದಲ್ಲೇ ಕುಂಟುತ್ತ, ತಮ್ಮನ ಬೂಟನ್ನು ಒಂದು ಕೈಯಲ್ಲಿ ಹಿಡಿದು, ಸಿಕ್ಕಸಿಕ್ಕವರಿಗೆಲ್ಲ "ನನ್ನ ತಮ್ಮ, ನನ್ನ ತಮ್ಮ" ಎನ್ನುತ್ತಿದ್ದ. ಆಮೇಲೆ ತಲೆಯೆತ್ತಿ ಕೂಗಿ ಕೇಳಿದ.

"ಯಾವಾಗಿಂದ ಶುರುವಂತೋ?"

ಗುಡುಗು ಕೈಯೆತ್ತಿದ. ಕುಣಿತ ನಿಂತಿತು. ಅಷ್ಟೂ ಮುಖಗಳು ಮೇಲೆ ತಿರುಗಿದವು. ಇಷ್ಟು ಜನ ಇಷ್ಟು ಸುಮ್ಮನಾಗಿ ತನ್ನ ಮಾತಿಗೆ ಕಾದದ್ದು ಪಿಸುಮಾತಿನ ಜೀವನದಲ್ಲೇ ಇಲ್ಲ. ಅವನು ಬಾಯಿ ತೆರೆದ. ಕೆಳಗೆ ಅಣ್ಣ ನಗುತ್ತಿದ್ದ.

"ಬೇಗನೇ ಅಣ್ಣಾ," ಎಂದ. "ಬಹಳ ಬೇಗ."

ಮತ್ತೆ ಶಿಳ್ಳೆ ಎದ್ದಿತು.