ಅಕ್ಕನ ನಡಿಗೆ, ರಾಯರ ಆಯಸ್ಸು

ಇನ್ನೊಬ್ಬರಿಗೆ ಮೈ ಬಗ್ಗಿಸಲು ಕಲಿಸಹೋದವರಿಗೆ ಮೊದಲು ಅಂಟುವ ಕಾಯಿಲೆ ಸಿಟ್ಟು. ನನಗೆ ಬರೋಡಾದಲ್ಲಿ ಅಂಟಿದ್ದು ಇನ್ನೂ ಬಿಟ್ಟಿಲ್ಲ.

ಅರವತ್ತರ ದಶಕದಲ್ಲಿ ನಾನು ಅಲ್ಲಿ ಹೆಣ್ಣುಮಕ್ಕಳ ಶಾಲೆಯೊಂದರ ಡ್ರಿಲ್ ಟೀಚರ್. ಊರು ಧಾರವಾಡ, ಗಂಡನ ವಿಮಾ ನೌಕರಿಯ ವರ್ಗ ನನ್ನನ್ನು ಅಲ್ಲಿಗೆ ತಂದು ಹಾಕಿತ್ತು. ಪಕ್ಕದ ಮನೆಯಲ್ಲಿ ಮೈಸೂರು ಕಡೆಯ ರಾಯರು, ರೈಲ್ವೆಯಲ್ಲಿ ಸಾಹೇಬರು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅಕ್ಕನಿಗೆ ಸಕ್ಕರೆ ಕಾಯಿಲೆ ಶುರುವಾಗಿತ್ತು. "ದಿನಾ ನಡೆಯಬೇಕು, ಮೈ ಆಡಿಸಬೇಕು. ಇಲ್ಲದಿದ್ದರೆ ಇಂಜೆಕ್ಷನ್ನೇ ಗತಿ" ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಹೊಲಿಗೆ ಸೂಜಿ ಕಂಡರೂ ಬೆವರುವ ಅಕ್ಕ ಓಡಿ ಬಂದದ್ದು ನನ್ನ ಹತ್ತಿರ.

ಹಿಂದೆಯೇ ರಾಯರೂ ಬಂದರು. "ಕಲಿಸಿ ಟೀಚರಮ್ಮ. ಆದ್ರೆ ಖರ್ಚಾಗಬಾರದು, ಮನೆಕೆಲಸ ಕೆಡಬಾರದು."

ಹೆಂಡತಿಯ ಜೀವದ ವಿಷಯದಲ್ಲೂ ಷರತ್ತು! ಸಿಟ್ಟು ನುಂಗಿಕೊಂಡು ಹೇಳಿದೆ: "ಖರ್ಚ ಯಾಕ್ರೀ ರಾಯರ? ಕೈಕಾಲು ದೇವರು ಪುಕ್ಕಟ ಕೊಟ್ಟಾನ. ಮನಿಕೆಲಸದಾಗ ಬೆರಸೇ ಕಲಸ್ತೇನಿ."

ಉಯ್ಯಾಲೆ

ಗುಜರಾತಿನ ಮನೆ ಎಂದಮೇಲೆ ಹಜಾರದಲ್ಲಿ ಹಲಗೆಯ ಉಯ್ಯಾಲೆ ಇರಲೇಬೇಕು. ಬಾಡಿಗೆ ಮನೆಯ ಜೊತೆ ರಾಯರಿಗೂ ಒಂದು ಸಿಕ್ಕಿತ್ತು. ಕಚೇರಿಯಿಂದ ಬಂದರೆ ಅವರ ವಾಸ ಅದರ ಮೇಲೆಯೇ. ಹೊಸಬರಿಗೆ ಹಗುರವಾದದ್ದೇ ಇರಲಿ ಎಂದು ನಾನು ಅಕ್ಕನಿಗೆ ತೋಳು ಹಿಂದೆಮುಂದೆ ಆಡಿಸುವುದು, ಹಿಮ್ಮಡಿ ಎತ್ತಿ ಇಳಿಸುವುದು, ಇಷ್ಟು ಹೇಳಿಕೊಟ್ಟು ಬಂದೆ.

ನಾಲ್ಕು ದಿನ ಬಿಟ್ಟು ಹೋಗಿ ನೋಡುತ್ತೇನೆ, ರಾಯರು ಉಯ್ಯಾಲೆಯ ಮೇಲೆ ಉದ್ದಕ್ಕೆ ಮಲಗಿದ್ದಾರೆ. ಅಕ್ಕ ಪಕ್ಕದಲ್ಲಿ ನಿಂತು ತೂಗುತ್ತಿದ್ದಾಳೆ. ಮುಖವೆಲ್ಲ ಬೆವರು.

"ಏನ್ರೀ ಇದು?"

"ನೀವೇ ಹೇಳಿದ್ದಲ್ವೇ, ಮನೆಕೆಲಸದಲ್ಲೇ ಬೆರೆಸಿ ಅಂತ? ತೋಳೂ ಆಡುತ್ತೆ, ಹಿಮ್ಮಡೀನೂ ಏಳುತ್ತೆ" ಎಂದರು ರಾಯರು, ಕಣ್ಣು ಮುಚ್ಚಿಕೊಂಡೇ. ನನ್ನ ಸಿಟ್ಟಿಗೆ ಮಾತು ಸಿಗುವಷ್ಟರಲ್ಲಿ ಗೊರಕೆ ಶುರುವಾಯಿತು.

"ಬಿಡ್ರಿ ಅಕ್ಕಾ, ಸಾಕು!"

"ಮೆಲ್ಲಗೆ ಟೀಚರ್" ಎಂದು ಪಿಸುಗುಟ್ಟಿದಳು ಅಕ್ಕ. "ನಿಲ್ಲಿಸಿದ್ರೆ ಎದ್ದು ಕಾಫಿ ಕೇಳ್ತಾರೆ."

ಎಲ್ಲಿಗೆ?

ಮನೆಯೊಳಗಿನ ವ್ಯಾಯಾಮ ಇಷ್ಟಾದಮೇಲೆ, ಬೆಳಿಗ್ಗೆ ಬೀದಿಯಲ್ಲಿ ಅರ್ಧ ಗಂಟೆ ನಡೆಯಲು ಹೇಳಿದೆ. ಅಕ್ಕ ಚಪ್ಪಲಿ ಮೆಟ್ಟಿ ಬರಿಗೈಯಲ್ಲಿ ಹೊರಟಳು. ಮನೆಯ ಒಡತಿ ಬಾಗಿಲಲ್ಲಿ ಕೂತು ಗೋಧಿ ಆರಿಸುತ್ತಿದ್ದರು. ಬೀದಿಯೇ ಅವರನ್ನು 'ಬಾ', ಅಂದರೆ ಅಮ್ಮ, ಎನ್ನುತ್ತಿತ್ತು.

"ಕ್ಯಾಂ ಚಾಲ್ಯಾಂ, ಬೆನ್?" ಎಲ್ಲಿಗೆ ಹೊರಟೆ ತಂಗೀ?

"ಎಲ್ಲಿಗೂ ಇಲ್ಲ, ಸುಮ್ಮನೆ."

ತರಕಾರಿಗೆ ಹೋಗಬಹುದು, ಗುಡಿಗೆ ಹೋಗಬಹುದು, ಮದುವೆಗೆ ಹೋಗಬಹುದು. ಹೆಂಗಸು ಸುಮ್ಮನೆ ಹೋಗುವುದೆಂದರೇನು? ಬೀದಿಯ ಕೊನೆ ಮುಟ್ಟುವ ಮೊದಲೇ ಇಬ್ಬರು ಮುದುಕಿಯರು ಅಕ್ಕನ ಕೈಹಿಡಿದು ಮನೆಗೆ ತಂದು ಬಿಟ್ಟರು. ಸಂಜೆ ರಾಯರು ಬಂದಾಗ ಬಾ ಹಜಾರದಲ್ಲೇ ಕಾದು ಕೂತಿದ್ದರು. "ಹೆಂಡತಿ ಮನೆ ಬಿಟ್ಟು ಹೊರಟಿದ್ದಳಲ್ಲ, ಏನು ಮಾಡಿದೆ ನೀನು?"

ರಾಯರು ನೇರ ನಮ್ಮ ಮನೆಗೆ ಬಂದು ಕೂಗಾಡಿದರು. "ನನ್ನ ಮರ್ಯಾದೆ ಹರಾಜಾಯ್ತು! ನಾಳೆಯಿಂದ ಅವಳು ಹೊಸ್ತಿಲು ದಾಟೋ ಹಾಗಿಲ್ಲ."

ಒಂದು ಹೆಣ್ಣು ತನ್ನ ಕಾಲಲ್ಲಿ ತಾನು ನಡೆದರೆ ಇವರ ಮರ್ಯಾದೆಯ ಗಂಟೇನು ಹೋಗುತ್ತದೆ? ಕೇಳಿಯೂಬಿಟ್ಟೆ. ಅಷ್ಟರಲ್ಲಿ ಆಚೆಮನೆಯಲ್ಲಿ ಗಂಡಹೆಂಡಿರ ರಾಜಿಗೆಂದು ಬಾ ಸಿಹಿ ಮಾಡಿಸಿದ್ದರು. ನಡಿಗೆ ನಿಂತಿತು, ಡಾಕ್ಟರು ಬೇಡವೆಂದ ಶ್ರೀಖಂಡವನ್ನು ಅಕ್ಕ ಬಟ್ಟಲು ತುಂಬ ತಿಂದಳು.

ಪ್ರದಕ್ಷಿಣೆ

ನಾನೂ ಬಿಡಲಿಲ್ಲ. ಬೀದಿಯ ತುದಿಯಲ್ಲಿ ಅಂಬಾಮಾತೆಯ ಗುಡಿ ಇತ್ತು. ದೇವರ ಸುತ್ತ ತಿರುಗುವವಳನ್ನು ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ದೇವರ ಕೆಲಸವೆಂದಮೇಲೆ ರಾಯರೂ ಒಪ್ಪಿದರು. "ಬೀಸಾಗಿ ನಡೀರಿ ಅಕ್ಕಾ, ಉಸರ ಏರಬೇಕು. ನಡುವ ನಿಂತು ಯಾರ ಜೋಡೀನೂ ಮಾತಾಡಬ್ಯಾಡ್ರಿ" ಎಂದೆ.

ಪೂಜಾರಿ ಮಾತ್ರ ಪ್ರತಿ ಸುತ್ತಿಗೂ ಕೈಗೆ ಕಲ್ಲುಸಕ್ಕರೆ ಹಾಕುತ್ತಿದ್ದ. ಪ್ರಸಾದ ಬೇಡವೆನ್ನುವುದು ಹೇಗೆ? ಅಕ್ಕ ಸೆರಗಿನಲ್ಲಿ ಕಟ್ಟಿ ಮನೆಗೆ ತರುತ್ತಿದ್ದಳು, ರಾಯರು ಉಯ್ಯಾಲೆಯಲ್ಲಿ ಕೂತು ಕಟುಮ್ಮೆನಿಸುತ್ತಿದ್ದರು. ಸುತ್ತಿದವಳು ಅಕ್ಕ, ಊದಿದವರು ರಾಯರು.

ಹರಕೆ

ಗುಡಿಯ ಹೆಂಗಸರು ನೋಡಿಯೇ ನೋಡಿದರು. ದಿನಾ ಬರುತ್ತಾಳೆ, ಏದುಸಿರು ಬಿಡುತ್ತ ಸುತ್ತುತ್ತಾಳೆ, ಮಾತಾಡಿಸಿದರೆ ನಿಲ್ಲುವುದಿಲ್ಲ. ಇಷ್ಟು ಕಠಿಣ ಹರಕೆ ಗಂಡನ ಪ್ರಾಣಕ್ಕಲ್ಲದೆ ಇನ್ನೇತಕ್ಕೆ? ರಾಯರ ಊದಿದ ಮುಖ, ಹೊತ್ತಿಲ್ಲದ ಹೊತ್ತಿನ ನಿದ್ದೆ ನೆನೆದು ಬಾ ಕೂಡ ಹೌದೆಂದರು.

ಭಾನುವಾರ ಬೀದಿಗೆ ಬೀದಿಯೇ ರಾಯರನ್ನು ನೋಡಲು ಬಂತು. ಒಬ್ಬರು ಖಿಚಡಿ ತಂದರು, ಒಬ್ಬರು ಹೆಸರುಬೇಳೆ ಕಟ್ಟು ತಂದರು. "ಧೈರ್ಯವಾಗಿರಿ ಸಾಹೇಬ್" ಎಂದು ಕೈ ಹಿಸುಕಿದರು. ರಾಯರು ಮೊದಲು ನಕ್ಕರು. ಆಮೇಲೆ ಎದ್ದು ಹೋಗಿ ಕನ್ನಡಿಯಲ್ಲಿ ನಾಲಗೆ ನೋಡಿಕೊಂಡರು. ಸಂಜೆ ಡಾಕ್ಟರ ಮನೆ ಬಾಗಿಲು ತಟ್ಟಿದರು. ಏನೂ ಇಲ್ಲವೆಂದು ಡಾಕ್ಟರು ಹೇಳಿದ್ದಕ್ಕೆ ಬಾ ಕೊಟ್ಟ ತೀರ್ಪು: "ಎಲ್ಲ ಬೆನ್ ಹಾಕಿದ ಸುತ್ತಿನ ಪುಣ್ಯ. ಹರಕೆ ತಪ್ಪಿದರೆ ಹೋದ ಕಾಯಿಲೆ ತಿರುಗಿ ಬಂದೀತು!"

ಮರುದಿನ ಬೆಳಿಗ್ಗೆ ರಾಯರದೇ ಕೂಗು: "ಏಳೇ, ಹೊತ್ತಾಯ್ತು! ಕಾಫಿ ನಾನೇ ಮಾಡಿದೀನಿ."

ಮೈಯೆಲ್ಲ ಉರಿಯಿತು ನನಗೆ. ಅವಳ ಜೀವಕ್ಕೆ ಅರ್ಧ ಗಂಟೆ ಕೊಡದ ಮನುಷ್ಯ ತನ್ನ ಜೀವಕ್ಕೆ ಒಲೆ ಹಚ್ಚಿದ್ದ! ಅಂಗಳದ ಮೋಟುಗೋಡೆಯ ಮೇಲಿಂದ ನಾಲ್ಕು ಮಾತು ಬಿಡುವವಳಿದ್ದೆ. ಅಕ್ಕ ಗಂಡನ ಬೆನ್ನ ಹಿಂದೆ ನಿಂತು ತುಟಿಗೆ ಬೆರಳಿಟ್ಟಳು.

ಕೆಲವು ತಿಂಗಳಾದ ಮೇಲೆ ಅಕ್ಕನ ಪರೀಕ್ಷೆಗೆ ರಾಯರ ಜೊತೆ ನಾನೂ ಹೋದೆ. "ಸಕ್ಕರೆ ಇಳಿದಿದೆ, ಇಂಜೆಕ್ಷನ್ ಬೇಡ" ಎಂದರು ಡಾಕ್ಟರು. ಅಕ್ಕನ ಕಣ್ಣಲ್ಲಿ ನೀರು ಬಂತು, ನನ್ನ ಕಣ್ಣಲ್ಲೂ ಬಂತು. "ಇನ್ನುಮೇಲೆ ನಡಿಗೆ ಸ್ವಲ್ಪ ಕಡಿಮೆ ಮಾಡಿದರೂ ಅಡ್ಡಿಯಿಲ್ಲ" ಎಂದು ಅವರು ಸೇರಿಸಿದರು.

ರಾಯರು ಕುರ್ಚಿಯಿಂದ ಹಾರಿ ಎದ್ದರು.

"ಕಡಿಮೆಯೇ? ಡಾಕ್ಟ್ರೇ, ಆಮೇಲೆ ನನ್ನ ಗತಿ?"