ಅನ್ನ ಹೆಚ್ಚೈತೆ, ಗಾಡಿ ತಕ್ಕಂಬಾ

ಮಧುಗಿರಿಯ ಪ್ರಭುದೇವನ ಅಂದಿನ ಫಜೀತಿಗೆಲ್ಲ ಒಂದು ಫೋನೇ ಮೂಲ. ಮದುವೆ, ಗೃಹಪ್ರವೇಶಗಳಲ್ಲಿ ಮಿಕ್ಕ ಊಟವನ್ನು ತಂದು ಹಸಿದವರಿಗೆ ಬಡಿಸುವ ‘ತುತ್ತು ಬಳಗ’ಕ್ಕೆ ಅವನು ಮುಖ್ಯಸ್ಥ. ಮುಖ್ಯಸ್ಥ ಅಂದರೆ ಪಾತ್ರೆ ತಿಕ್ಕುವವನೂ ಅವನೇ.

“ಚನ್ನರಾಯನದುರ್ಗದಿಂದ ಕರಿಬಸಮ್ಮ ಕಣಪ್ಪ. ಮೊಮ್ಮಗಳ ಮದ್ವೆ. ಅನ್ನ ಹೆಚ್ಚೈತೆ, ಬಿರ್ರನೆ ಗಾಡಿ ತಕ್ಕಂಬಾ.”

“ಎಷ್ಟು ಹೆಚ್ಚಿದೆಯಮ್ಮ?”

“ಪೂರಾ ಹೆಚ್ಚೈತೆ! ಸಾರೂ ಹೆಚ್ಚೈತೆ!”

ಪ್ರಭುದೇವ ಹಿಗ್ಗಿದ. ಹೋದ ವಾರ ಆಸ್ಪತ್ರೆಯ ಜಗಲಿಯಲ್ಲಿ ರೋಗಿಗಳ ಕಡೆಯವರಿಗೆ ಬಡಿಸುವಾಗ ಅರ್ಧಕ್ಕೇ ಪಾತ್ರೆ ಬರಿದಾಗಿತ್ತು. ಸಾಲಿನಲ್ಲಿದ್ದ ಹೆಂಗಸೊಬ್ಬಳು ತೊಳೆದ ತಟ್ಟೆಯನ್ನು ಸೆರಗಿನಲ್ಲಿ ಒರೆಸಿಕೊಂಡು ಸುಮ್ಮನೆ ಹೊರಟುಹೋದಳು. ಅವಳು ಬೈದು ಹೋಗಿದ್ದರಾದರೂ ಅವನಿಗೆ ಅಂದು ನಿದ್ದೆ ಬರುತ್ತಿತ್ತು. ಇವತ್ತು ಒಬ್ಬರೂ ಹಾಗೆ ಹೋಗಬಾರದು ಎಂಬುದೊಂದೇ ಅವನ ಹಟ.

ಗಾಡಿಯಲ್ಲಿ ಆಗಲೇ ಗೃಹಪ್ರವೇಶದವರು ಕೊಟ್ಟ ಒಂದು ಡಬರಿ ಚಿತ್ರಾನ್ನವಿತ್ತು. ಆಸ್ಪತ್ರೆಯಲ್ಲಿ ಕಾಯುತ್ತಿದ್ದ ಬಳಗದ ರಾಧಾಮಣಿ ಫೋನಿನಲ್ಲಿ ಗೋಗರೆದಳು. “ಇರೋದ್ನ ಮೊದ್ಲು ಇಳ್ಸಿ ಸಾರ್.”

“ಅರ್ಧ ಜನಕ್ಕೆ ಬಡಿಸಿ ಇನ್ನರ್ಧ ಜನದ ಮುಖ ನೋಡಕ್ಕೆ ನನ್ ಕೈಲಾಗಲ್ಲ. ಎಲ್ಲಾ ಒಟ್ಟಿಗೇ ತರ್ತೀನಿ.”

ಚನ್ನರಾಯನದುರ್ಗದಲ್ಲಿ ಗಾಡಿ ನಿಂತದ್ದೇ ತಡ, ಕರಿಬಸಮ್ಮ ಓಡಿಬಂದು ಗಾಡಿಯ ಅಂಚಿನಲ್ಲಿದ್ದ ಒಂದೊಂದೇ ಪಾತ್ರೆಯೊಳಗೆ ಬಾವಿ ಇಣುಕುವವರಂತೆ ಇಣುಕಿದರು.

“ಬರೀ ಪಾತ್ರೆ ತಂದಿದ್ದೀಯಲ್ಲಲಾ!”

“ತುಂಬಿಸ್ಕೊಳ್ಳೋಕೆ ಅಮ್ಮ. ಹೆಚ್ಚಿದೆ ಅಂದ್ರಲ್ಲ.”

“ಹೂಂ, ಹೆಚ್ಚೈತೆ! ಒಂದಗುಳೂ ಇಲ್ಲ! ಮದ್ವೆ ಮನೇಲಿ ‘ಮುಗೀತು’ ಅಂತ ಬಾಯಿಬುಡಕ್ಕಾಯ್ತದಾ? ನಿನ್ ಗಾಡೀಲಿ ಯಾವಾಗ್ಲೂ ಅನ್ನ ಇರ್ತದೆ ಅಂದ್ರು, ಅದ್ಕೆ ಕರೆದೆ.”

ಪ್ರಭುದೇವನಿಗೆ ತಲೆ ಗಿರ್ರೆಂದಿತು. ಡಬ್ಬ ಬರಿದಾದರೆ ಅವನ ಅಜ್ಜಿಯೂ ‘ಅಕ್ಕಿ ಹೆಚ್ಚಿದೆ’ ಎನ್ನುತ್ತಿದ್ದರು. ಮಿಕ್ಕಿದ್ದನ್ನು ಹುಡುಕುತ್ತಾ ಅಲೆದು ಆ ಮಾತನ್ನೇ ಮರೆತಿದ್ದ.

ಅಷ್ಟರಲ್ಲಿ ಮದುಮಗಳ ಸೋದರಮಾವ ಬಸವಲಿಂಗಯ್ಯ ಗಾಡಿ ಹತ್ತಿ, ಒಳಗಿದ್ದ ಡಬರಿಯ ಮುಚ್ಚಳ ತೆಗೆದುಬಿಟ್ಟಿದ್ದ. “ಚಿತ್ರಾನ್ನ ಐತಲ್ಲ! ಗಂಡಿನ ಕಡೆಯೋರು ಕಾಯ್ತಾವ್ರೆ, ಇಳ್ಸ್ರಲಾ!”

“ಬೇಡಿ, ಅದು ಆಸ್ಪತ್ರೆಯೋರ್ದು...” ಎನ್ನುವಾಗ ಬಾಗಿಲಲ್ಲಿ ಮದುಮಗಳು ಕಂಡಳು. ಅವಳ ಕಣ್ಣು ತುಂಬಿತ್ತು. ಪ್ರಭುದೇವ ಡಬರಿಗೆ ಕೈಕೊಟ್ಟು ಇಳಿಸಿದ.

ಎಲೆ ಹಾಸಿ, ಡಬರಿ ಬರಿದಾಗುವವರೆಗೂ ತಾನೇ ಸಾಲಾಗಿ ಬಡಿಸಿದ. ಊಟಕ್ಕೆ ಕರೆಯಲು ಹೋದ ಬಸವಲಿಂಗಯ್ಯ ಮುಖ ಇಳಿಬಿಟ್ಟುಕೊಂಡು ಬಂದ. ಗಂಡಿನ ಕಡೆಯವರು ಮುನಿಸಿಕೊಂಡು, ಬಸ್ಸು ಹತ್ತಿ ಕೊರಟಗೆರೆಯ ಹೋಟೆಲಿಗೆ ಹೋಗಿಯಾಗಿತ್ತು.

“ಅಷ್ಟೂ ಮಿಕ್ಕೋಯ್ತಲ್ಲಪ್ಪ, ಈಗ ತಗಂಡೋಗು” ಎಂದರು ಕರಿಬಸಮ್ಮ, ಕಣ್ಣೊರೆಸಿಕೊಳ್ಳುತ್ತಾ.

ನೊಣ ಮುತ್ತುತ್ತಿತ್ತು. ಎಲೆಗೆ ಬಿದ್ದದ್ದನ್ನು ಎತ್ತಿ ಇನ್ನೊಬ್ಬರಿಗೆ ಬಡಿಸಬಾರದು ಎಂಬುದು ಬಳಗದ ಮೊದಲ ನಿಯಮ, ಮಾಡಿದವನೂ ಅವನೇ. ಒಂದಗುಳು ಚೆಲ್ಲಿದರೆ ಸಂಕಟಪಡುವ ಮನುಷ್ಯ ಎಲೆಗಳನ್ನು ಒಂದೊಂದಾಗಿ ಮಡಚಿದ. ಅಳು ಬಂತು.

ಫೋನು ಬಂತು. ರಾಧಾಮಣಿ. “ಎಲ್ರೂ ತಟ್ಟೆ ತೊಳ್ಕೊಂಡು ಕೂತವ್ರೆ ಸಾರ್. ಏನಾಯ್ತು?”

ಸುತ್ತಿಬಳಸಿ ಹೇಳುವ ಶಕ್ತಿ ಅವನಲ್ಲಿರಲಿಲ್ಲ. “ಮುಗೀತು ರಾಧಾಮಣಿ. ಎಲ್ಲಾ ಮುಗೀತು.”

ಕರಿಬಸಮ್ಮ ಬೆಚ್ಚಿಬಿದ್ದು ಅವನ ತೋಳು ಜಗ್ಗಿದರು. “ಲೇ, ಮದ್ವೆ ಮನೇಲಿ ಅಂಗನ್ಬಾರ್ದು! ಬುಡ್ತು ಅನ್ನು, ಬುಡ್ತು ಅನ್ನು!”

“ಬಿಡ್ತು” ಎಂದ ಪ್ರಭುದೇವ, ಫೋನು ಕಿವಿಯಲ್ಲಿದ್ದಂತೆಯೇ.

“ಮದ್ವೆ ಮುಗೀತಾ? ಗಾಡಿ ಬಿಡ್ತಾ?” ಅತ್ತ ರಾಧಾಮಣಿಯ ದನಿ ಅರಳಿತು. “ಸರಿ ಸಾರ್, ಎಲ್ರನ್ನೂ ಸಾಲಾಗಿ ಕೂರಿಸ್ತೀನಿ.”