ತೆರೆಯದ ಮೊಗ್ಗು, ತೆರೆಯದ ಫೈಲು

ಎಲ್ಲದಕ್ಕೂ ಮೂಲ ಒಂದು ಒದ್ದೆ ಟವೆಲು.

ಗಡಿಯಾರ ರಿಪೇರಿಯವನು ಅವತ್ತು ರಜೆಯ ದಿನವೆಂದು ಬೆಳಗ್ಗೆ ಆರಾಮವಾಗಿ ಸ್ನಾನ ಮುಗಿಸಿ, ಟವೆಲು ಒಣಹಾಕಲು ತಾರಸಿಗೆ ಹೋದ. ಹಗ್ಗಕ್ಕೆ ಹಾಕುವ ಮುನ್ನ ಎಲ್ಲರೂ ಮಾಡುವಂತೆ ಪಟಪಟನೆ ಎರಡು ಸಲ ಕೊಡವಿದ. ಮೊದಲನೆಯ ಸಲ ನೀರು ಹಾರಿತು. ಎರಡನೆಯ ಸಲ ಮೊಗ್ಗು ಹಾರಿತು.

ಅದು ಅಂತಿಂಥ ಮೊಗ್ಗಲ್ಲ. ಮನೆಯ ಯಜಮಾನಿ ವರ್ಷಗಟ್ಟಲೆ ಕುಂಡದಲ್ಲಿ ಸಾಕಿದ ಮುಳ್ಳುಗಿಡ ಮೊದಲ ಬಾರಿಗೆ ಬಿಟ್ಟ ಒಂದೇ ಒಂದು ಮೊಗ್ಗು. ಅವತ್ತು ಬಿಸಿಲೇರಿದ ಮೇಲೆ ಅದು ಅರಳುತ್ತದೆ, ಅರಳಿದ ಗಳಿಗೆಗೇ ಬಾಡುತ್ತದೆ ಎಂದು ಆಕೆ ಪುಸ್ತಕ ನೋಡಿ ಖಚಿತ ಮಾಡಿಕೊಂಡು, ಬಾಡಿಗೆದಾರರನ್ನೂ ಎದುರುಮನೆಯವರನ್ನೂ ಚಹಾಕ್ಕೆ ಕರೆದಿದ್ದಳು. ಹಿಂದೆ ಯಾರೋ ಬಾಡಿಗೆದಾರ ಇದೇ ತಾರಸಿಯ ಕುಂಡದಿಂದ ಒಂದು ಕಡ್ಡಿ ಮುರಿದು ಕಿವಿ ಕೆರೆದುಕೊಂಡನಂತೆ. ಸಂಜೆಯ ಹೊತ್ತಿಗೆ ಅವನ ಸಾಮಾನೆಲ್ಲ ಬೀದಿಯಲ್ಲಿತ್ತು.

ಗಡಿಯಾರದವನ ಹೆಂಡತಿಗೆ ದಿನ ತುಂಬಿತ್ತು. ಆಸ್ಪತ್ರೆ ಪಕ್ಕದ ಬೀದಿಯಲ್ಲೇ ಇದೆ ಎಂದೇ ಈ ಮನೆ ಹಿಡಿದಿದ್ದರು. ಈಗ ಮನೆ ಬಿಡಬೇಕಾಗಿ ಬಂದರೆ ಮಗು ಗಾಡಿಯ ಮೇಲೆ ಪಾತ್ರೆಪಗಡಿಯ ನಡುವೆ ಹುಟ್ಟಬೇಕಾದೀತು. ಅವನು ಅತ್ತಿತ್ತ ನೋಡಿದ, ಯಾರೂ ಇಲ್ಲ. ಗಡಿಯಾರದ ಗಾಜು ಕೂರಿಸುವ ಅಂಟಿನ ಟ್ಯೂಬು ಅವನ ಜೇಬಿನಲ್ಲಿ ಸದಾ ಇರುತ್ತಿತ್ತು. ಹತ್ತು ಸಲ ಉಸಿರು ಬಿಗಿಹಿಡಿದು, ಮುಳ್ಳು ಚುಚ್ಚಿಸಿಕೊಂಡು, ಬಾಯಿಗೆ ಬಂದದ್ದು ಗೊಣಗಿಕೊಂಡು, ಮೊಗ್ಗನ್ನು ತೊಟ್ಟಿಗೆ ಕೂರಿಸಿದ. ಅದು ಮೊದಲಿಗಿಂತ ನೆಟ್ಟಗೆ ನಿಂತಿತು.

ಬಿಸಿಲೇರಿತು, ಜನ ಸೇರಿದರು. ಯಜಮಾನಿಯ ಗಂಡ, ಮೇಲಿನ ಮನೆಯ ವಿಮೆ ಏಜೆಂಟು, ಎದುರುಮನೆಯ ಡ್ರಿಲ್ ಮೇಷ್ಟ್ರು ಎಲ್ಲರೂ ಕಪ್ಪು ಹಿಡಿದು ಕುಂಡದ ಸುತ್ತ ಕೂತರು. ಮೊಗ್ಗು ಮಾತ್ರ ಬಾಯಿ ಬಿಡಲಿಲ್ಲ. ಚಹಾ ಆರಿತು, ಬಿಸ್ಕತ್ತು ಮುಗಿಯಿತು. ಕೊನೆಗೆ ಯಜಮಾನಿ ತಡೆಯಲಾರದೆ ಮಗುವಿನ ಕೆನ್ನೆ ಸವರುವಂತೆ ಅದನ್ನು ಒಂದೇ ಬೆರಳಲ್ಲಿ ಸವರಿದಳು. ಮೊಗ್ಗು ಅವಳ ಅಂಗೈಗೆ ಬಿತ್ತು. ತೊಟ್ಟಿನ ತುದಿಯಲ್ಲಿ ಅಂಟು ಗಂಟುಗಟ್ಟಿತ್ತು.

ಆಕೆ ಕೂಗಲಿಲ್ಲ. ಕೂಗಿದ್ದರೆ ಎಷ್ಟೋ ಸಮಾಧಾನವಿತ್ತು. ಎದ್ದು ನೀರಿನ ಟ್ಯಾಂಕಿನ ಹತ್ತಿರ ಹೋಗಿ, ಅದರ ನೆರಳಿನಿಂದ ಬೆಂಕಿಪೆಟ್ಟಿಗೆಯಷ್ಟು ಪುಟ್ಟ ಕ್ಯಾಮೆರಾ ಒಂದನ್ನು ತೆಗೆದಳು. ಹೂ ಅರಳುವುದನ್ನು ಹಿಡಿದು ಗಿಡ ಸಾಕುವವರ ಸಂಘಕ್ಕೆ ಕಳಿಸಬೇಕೆಂದು, ಯಾರಿಗೂ ಹೇಳದೆ, ಬೆಳಕು ಹರಿಯುವಾಗಲೇ ಅದನ್ನು ಇಟ್ಟಿದ್ದಳಂತೆ.

"ಯಾರು ಮುರಿದರು ಅಂತ ನಾನು ಯಾರನ್ನೂ ಕೇಳಲ್ಲ," ಅಂದಳು. "ಇದು ಹೇಳುತ್ತೆ."

ಗಡಿಯಾರದವನ ಬಾಯಲ್ಲಿದ್ದ ಚಹಾ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

ಟೀವಿಗೆ ಹಾಕಿ ನೋಡೋಣ ಎಂದು ಯಜಮಾನಿ ಅನ್ನುವಷ್ಟರಲ್ಲಿ ಅವಳ ಗಂಡ, ಟೀವಿಯ ಫ್ಯೂಸು ಬೆಳಗ್ಗೆಯೇ ಹೋಯಿತು ಎಂದುಬಿಟ್ಟ. ಏಜೆಂಟಿನ ಮೊಬೈಲಿನಲ್ಲಿ ಗಿರಾಕಿಗಳ ಫೋಟೋ ತುಂಬಿ ಸಾಸಿವೆ ಇಡಲೂ ಜಾಗವಿರಲಿಲ್ಲವಂತೆ. ಮೇಷ್ಟ್ರ ಫೋನು ಗುಂಡಿ ಒತ್ತುವ ಕಾಲದ್ದು. ಉಳಿದದ್ದು ಗಡಿಯಾರದವನ ಮನೆಯ ಲ್ಯಾಪ್‌ಟಾಪು. ಅವನ ಭಾವಮೈದುನ ಎಸೆಯಲು ಸೋಮಾರಿತನವಾಗಿ ಉಡುಗೊರೆ ಕೊಟ್ಟದ್ದು ಅದು.

"ಸಣ್ಣ ಗಡಿಯಾರಾನೇ ಬಿಚ್ಚಿ ಜೋಡಿಸ್ತೀಯ, ಇದು ಯಾವ ಮಹಾ. ತಗೊಂಡು ಬಾರಪ್ಪ," ಅಂದಳು ಯಜಮಾನಿ.

ತನ್ನ ಕೊರಳಿಗೆ ಹಗ್ಗವನ್ನು ತಾನೇ ಹೊತ್ತು ತರುವವನಂತೆ ಅವನು ಲ್ಯಾಪ್‌ಟಾಪನ್ನು ಹೊತ್ತು ತಂದ. ಅದು ನರಳಿ, ಬಿಸಿಯಾಗಿ, ಬಹಳ ಹೊತ್ತಿಗೆ ಎಚ್ಚರವಾಯಿತು. ಕ್ಯಾಮೆರಾದ ಕಾರ್ಡು ಹಾಕಿ, ಕಣ್ಣು ಮುಚ್ಚಿಕೊಂಡು ಒತ್ತಿದ. ಕಣ್ಣು ಬಿಟ್ಟರೆ ಪರದೆಯ ಮೇಲೆ ಒಂದೇ ಸಾಲು: ಈ ಫೈಲನ್ನು ತೆರೆಯಲಾಗುತ್ತಿಲ್ಲ.

ಅವನಿಗೆ ಯಂತ್ರವನ್ನು ತಬ್ಬಿ ಮುದ್ದಾಡಬೇಕೆನಿಸಿತು. ಅದನ್ನೆಲ್ಲ ನುಂಗಿಕೊಂಡು, ರೋಗಿಯ ಕಡೆಯವರಿಗೆ ಸುದ್ದಿ ಹೇಳುವ ಡಾಕ್ಟರಂತೆ ಮುಖ ಇಳಿಬಿಟ್ಟು, "ಏನೂ ಮಾಡೋಕಾಗಲ್ಲಮ್ಮ," ಅಂದ.

ಆದರೆ ನೆರೆಯವರು ಬಿಡಬೇಕಲ್ಲ. ಏಜೆಂಟು ಕುರ್ಚಿ ಎಳೆದುಕೊಂಡು, ಫೈಲಿನ ಹೆಸರಿಗೆ ಕೊನೆಯಲ್ಲೊಂದು ಬಾಲ ಇರುತ್ತದೆ, ಆ ಬಾಲದ ಅಕ್ಷರ ಬದಲಿಸಿದರೆ ಎಂಥದ್ದೂ ತೆರೆಯುತ್ತದೆ ಎಂದ. ವಿಡಿಯೋದ ಬಾಲ ಕಿತ್ತು ಹಾಡಿನ ಬಾಲ ಅಂಟಿಸಿದ. ಹಾಡಲಿಲ್ಲ. ಫೋಟೋದ ಬಾಲ ಅಂಟಿಸಿದ. ಕಾಣಲಿಲ್ಲ. ಕಾಗದಪತ್ರದ ಬಾಲ ಅಂಟಿಸಿದಾಗ ಫೈಲು ತೆರೆಯಿತು. ತೆರೆದು, ಇರುವೆಗಳು ಮಸಿಯಲ್ಲಿ ಹೊರಳಾಡಿ ಬಂದಂತೆ ಸಾವಿರಾರು ವಕ್ರ ಗುರುತುಗಳನ್ನು ಉದುರಿಸತೊಡಗಿತು. ಮೇಷ್ಟ್ರು ಅದನ್ನು ಗಂಭೀರವಾಗಿ ಒಂದು ಪುಟ ಓದಿ, ಇದರಲ್ಲಿ ಮೊಗ್ಗಿನ ವಿಷಯವೇ ಇಲ್ಲ ಎಂದು ತೀರ್ಪು ಕೊಟ್ಟರು.

"ಡಬ್ಬಿ ಮೇಲೆ ಸಕ್ಕರೆ ಅಂತ ಬರೆದುಬಿಟ್ರೆ ಒಳಗಿನ ಉಪ್ಪು ಸಿಹಿ ಆಗುತ್ತೇನ್ರೀ ಏಜೆಂಟ್ರೇ?" ಅಂದಳು ಯಜಮಾನಿ. "ಮೊದಲಿದ್ದ ಹೆಸರೇ ಇಡಿ."

ಆಮೇಲೆ ಗಂಡನ ಸರದಿ. ಕಾರ್ಡಿಗೆ ಥಂಡಿ ಹಿಡಿದಿದೆ ಎಂದು ಅವನು ಅದನ್ನು ಹೊರಗೆಳೆದು, ಬಾಯಿಂದ ಊದಿ, ಪಂಚೆಗೆ ಉಜ್ಜಿ, ಕಾದ ತಾರಸಿಯ ಮೇಲೆ ಹಪ್ಪಳದಂತೆ ಒಣಹಾಕಿದ. ಕಾಗೆಯೊಂದು ಬಂದು ಅದನ್ನು ಕೊಕ್ಕಿನಲ್ಲಿ ಹಿಡಿದು ಗೋಡೆಯ ಮೇಲೆ ಕೂತಿತು. ಗಡಿಯಾರದವನು ಮನಸ್ಸಿನಲ್ಲೇ, ಹಾರಮ್ಮ ತಾಯಿ, ಹಾರು ಎಂದು ಬೇಡಿಕೊಂಡ. ಕಾಗೆ ರುಚಿ ನೋಡಿ, ಬೇಡವೆಂದು ಉಗುಳಿ ಹೋಯಿತು. ಮೇಷ್ಟ್ರು ಕಾರ್ಡನ್ನು ಹೆಕ್ಕಿ ತಂದು ತಲೆಕೆಳಗಾಗಿ ತುರುಕಿ, ಅದು ಹೋಗದಿದ್ದಾಗ ಅಂಗೈಯಿಂದ ಗುದ್ದಿದರು. ಗುದ್ದಿದ ರಭಸಕ್ಕೆ ಲ್ಯಾಪ್‌ಟಾಪಿನ ಎರಡು ಅಕ್ಷರದ ಗುಂಡಿಗಳು ಎದ್ದು ಚಹಾದ ಕಪ್ಪಿಗೆ ಬಿದ್ದವು. ಎಷ್ಟು ಒಳ್ಳೆಯ ಜನ, ಎಷ್ಟು ಮುಠ್ಠಾಳರು ಎಂದು ಗಡಿಯಾರದವನಿಗೆ ಅವರ ಮೇಲೆ ಪ್ರೀತಿ ಉಕ್ಕಿತು.

ಯಜಮಾನಿ ಕಾರ್ಡನ್ನು ಸರಿಯಾಗಿ ಕೂರಿಸಿ, ಕ್ಯಾಮೆರಾ ಕೊಂಡ ಅಂಗಡಿಗೆ ಫೋನು ಹಚ್ಚಿದಳು. ಅಂಗಡಿಯವನು ತಾಳ್ಮೆಯವನು. ಫೈಲಿಗೆ ಏನೂ ಆಗಿಲ್ಲ ಎಂದ. ವಿಡಿಯೋ ಎನ್ನುವುದು ಒಂದು ಪೆಟ್ಟಿಗೆ. ಒಳಗೆ ಚಿತ್ರ ಒಂದು ಗಂಟು, ಧ್ವನಿ ಇನ್ನೊಂದು ಗಂಟು. ಈ ಹೊಸ ಕ್ಯಾಮೆರಾ ಜಾಗ ಉಳಿಸಲು ಚಿತ್ರದ ಗಂಟನ್ನು ಹೊಸ ರೀತಿಯಲ್ಲಿ ಬಿಗಿದು ಕಟ್ಟುತ್ತದೆ. ಹಳೆಯ ಯಂತ್ರಕ್ಕೆ ಆ ಗಂಟು ಬಿಚ್ಚಲು ಬರುವುದಿಲ್ಲ. ಬಿಚ್ಚಲು ಬರುವ ಪ್ಲೇಯರು ಒಂದಿದೆ, ಬಿಟ್ಟಿಯಾಗಿ ಸಿಗುತ್ತದೆ, ಇಳಿಸಿಕೊಳ್ಳಿ ಎಂದು ಅದರ ಹೆಸರು ಹೇಳಿದ.

ಅದನ್ನು ಇಳಿಸಲು ಗಡಿಯಾರದವನ ಕೈಯನ್ನೇ ಹಿಡಿದು ಒತ್ತಿಸಿದ್ದಾಯಿತು. ಪರದೆಯ ಮೇಲೆ ಹಸಿರು ಪಟ್ಟಿಯೊಂದು ಎಡದಿಂದ ಬಲಕ್ಕೆ ತೆವಳತೊಡಗಿತು. ತಾರಸಿಯಲ್ಲಿ ಯಾರೂ ಉಸಿರೆತ್ತಲಿಲ್ಲ. ಪಟ್ಟಿ ಅರ್ಧ ದಾಟಿತು. ಗಡಿಯಾರದವನ ಕಣ್ಣಿಗೆ ಅದು ತನ್ನ ಬೆನ್ನು ಹತ್ತಿ ಬರುವ ಹಾವಿನಂತೆ ಕಂಡಿತು. ಬಲಗಡೆಯ ಅಂಚಿಗೆ ಇನ್ನು ಕೂದಲೆಳೆ ಬಾಕಿ ಇದ್ದಾಗ ಅವನ ಎದೆ ಒಡೆಯಿತು.

"ನಾನೇಮ್ಮ," ಅಂದ. "ಟವೆಲು ಕೊಡವಿದೆ, ಮುರೀತು. ಅಂಟಿಸಿದವನೂ ನಾನೇ."

ತಾರಸಿಯ ಮೇಲೆ ಒಮ್ಮೆಗೇ ಗಾಳಿ ಬೀಸಿದಂತಾಯಿತು. ಮೂವರೂ ಗಂಡಸರು ಉಸಿರು ಬಿಟ್ಟದ್ದು ಅದು. ಏಜೆಂಟು ಲ್ಯಾಪ್‌ಟಾಪಿನ ಮುಚ್ಚಳವನ್ನು ಟಪ್ಪೆಂದು ಮುಚ್ಚಿ, ಒಪ್ಪಿಕೊಂಡ ಮೇಲೆ ನೋಡುವುದೇನಿದೆ ಎಂದ. ಮೇಷ್ಟ್ರು, ಹೂವಿನಂಥ ಮೊಗ್ಗಿಗೆ ಹೀಗೆ ಮಾಡಲು ಕೈಯಾದರೂ ಹೇಗೆ ಬಂತು ಎಂದು ಕೇಳಿದರು. ಗಂಡ ಕಣ್ಣು ಒರೆಸಿಕೊಂಡ.

ಯಜಮಾನಿ ಉದುರಿದ ಮೊಗ್ಗನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ನಿನ್ನ ಹೆಂಡತಿ ಮುಖ ನೋಡಿ ಬಿಟ್ಟಿದೀನಿ," ಅಂದಳು ಆಮೇಲೆ. "ನಾಳೆಯಿಂದ ಕುಂಡಗಳಿಗೆಲ್ಲ ನೀರು ಹಾಕೋನು ನೀನು."

ಅಷ್ಟಕ್ಕೆ ಮುಗಿಯಿತು. ಮನೆ ಉಳಿಯಿತು. ಕೆಳಗೆ ಬಂದು ಹೆಂಡತಿಗೆ ಹೇಳಿದರೆ ಅವಳು, ನೀರು ತಾನೆ, ಹಾಕಿ ಎಂದು ಮಗ್ಗುಲು ಬದಲಿಸಿದಳು. ಅವನೂ ಮಲಗಬಹುದಿತ್ತು. ಆದರೆ ಹೊತ್ತು ತಂದ ಲ್ಯಾಪ್‌ಟಾಪಿನ ಮುಚ್ಚಳ ತೆರೆದರೆ ಪ್ಲೇಯರು ಪೂರ್ತಿ ಇಳಿದು ಕೂತಿತ್ತು, ಕಾರ್ಡು ಒಳಗೇ ಉಳಿದಿತ್ತು. ತಾನು ಎಷ್ಟು ನಾಜೂಕಾಗಿ ಅಂಟಿಸಿದೆ ಎಂದು ನೋಡುವ ಚಪಲ ಯಾವ ಕಸುಬಿನವನಿಗೆ ಇರುವುದಿಲ್ಲ? ಒತ್ತಿದ.

ಚಿತ್ರ ಕನ್ನಡಿಯಷ್ಟು ಸ್ವಚ್ಛವಾಗಿ ಮೂಡಿತು. ಧ್ವನಿ ಬರಲಿಲ್ಲ, ಆ ಲ್ಯಾಪ್‌ಟಾಪಿನ ಸ್ಪೀಕರು ಭಾವಮೈದುನನ ಮನೆಯಲ್ಲೇ ಪ್ರಾಣ ಬಿಟ್ಟಿತ್ತು.

ನಸುಬೆಳಕಿನಲ್ಲಿ ಮೊದಲು ಬಂದವನು ಯಜಮಾನಿಯ ಗಂಡ. ನೀರಿನ ಕ್ಯಾನಿನ ಮೂತಿ ತಗುಲಿ ಮೊಗ್ಗು ಬಿತ್ತು. ಅವನು ಅದನ್ನು ಅಂಚೆಚೀಟಿಯಂತೆ ನೆಕ್ಕಿ ಅಂಟಿಸಲು ನೋಡಿ, ನಾಲಿಗೆಗೆ ಮುಳ್ಳು ಚುಚ್ಚಿಸಿಕೊಂಡು ಕುಣಿದು, ಒಳಗಿನಿಂದ ಅಂಟಿನ ಬಾಟಲಿ ತಂದು ಕೂರಿಸಿದ. ಅವನು ಇಳಿದನೋ ಇಲ್ಲವೋ ಏಜೆಂಟು ಬಂದ. ಮೊಗ್ಗಿನ ಜೊತೆ ತನ್ನ ಫೋಟೋ ತೆಗೆಯಲು ಅದನ್ನು ಕೆನ್ನೆಯ ಹತ್ತಿರ ಎಳೆದ. ಅದು ಕೈಗೆ ಬಂತು. ರಸೀದಿ ಅಂಟಿಸುವ ಗೋಂದು ಹಚ್ಚಿ ನಿಲ್ಲಿಸಿ ಹೋದ. ಆಮೇಲೆ ಮೇಷ್ಟ್ರು ಹಾಜರಾದರು. ಅವರ ಮನೆಗೆ ತಾರಸಿಯಿಲ್ಲದೆ ವ್ಯಾಯಾಮಕ್ಕೆ ಇಲ್ಲಿಗೇ ಬರುತ್ತಿದ್ದರು. ಎರಡೂ ಕೈ ಗಾಳಿಯಂತ್ರದ ಹಾಗೆ ಬೀಸುತ್ತಿರುವಾಗ ಮೊಗ್ಗು ಟ್ಯಾಂಕಿನವರೆಗೆ ಹಾರಿತು. ಬೂಟಿನ ಅಟ್ಟೆಗೆ ಹಚ್ಚುವ ಸೊಲ್ಯೂಷನ್ ಬಳಿದು ನೆಟ್ಟು, ಮೊಗ್ಗಿಗೊಂದು ಸೆಲ್ಯೂಟು ಹೊಡೆದು ಹೋದರು.

ಆಮೇಲೆ ತಾನು, ಟವೆಲಿನೊಂದಿಗೆ.

ಬಾಲ ಬದಲಿಸಿದ್ದು, ಪಂಚೆಗೆ ಉಜ್ಜಿದ್ದು, ತಲೆಕೆಳಗಾಗಿ ಗುದ್ದಿದ್ದು ಎಲ್ಲ ಈಗ ಅರ್ಥವಾಯಿತು. ಅವರಾರೂ ಮುಠ್ಠಾಳರಲ್ಲ. ಮುಠ್ಠಾಳ ಒಬ್ಬನೇ, ಅವನು ಮಂಚದ ಅಂಚಿನಲ್ಲಿ ಕೂತಿದ್ದ.

ಹೆಂಡತಿ ಬೇಡವೆಂದಳು. "ಮನೆ ಉಳೀತಲ್ಲ ರೀ, ಸುಮ್ನಿರಿ," ಅಂದಳು. ಅವನು ಕೇಳಲಿಲ್ಲ. ಸತ್ತ ಮೊಗ್ಗನ್ನು ನಾನು ಮತ್ತೊಮ್ಮೆ ಕೊಂದೆ, ಅಷ್ಟೇ. ನಾಲ್ಕು ಜನರ ನೀರನ್ನು ನಾನೊಬ್ಬನೇ ಯಾಕೆ ಹೊರಲಿ ಎಂದು ಲ್ಯಾಪ್‌ಟಾಪು ಕಂಕುಳಲ್ಲಿ ಇಟ್ಟುಕೊಂಡು ಯಜಮಾನಿಯ ಮನೆಗೆ ನುಗ್ಗಿದ. ಹೆಂಡತಿ ಸೊಂಟಕ್ಕೆ ಕೈಕೊಟ್ಟು ನಿಧಾನವಾಗಿ ಹಿಂದೆ ಬಂದಳು.

ಒಳಗೆ ಯಜಮಾನಿ ಟೀವಿ ನೋಡುತ್ತಿದ್ದಳು. ಸುಟ್ಟ ಫ್ಯೂಸು ಅಷ್ಟರಲ್ಲಿ ತಾನಾಗಿಯೇ ಗುಣವಾಗಿತ್ತು. ಆ ಮೂವರೂ ಅಲ್ಲೇ ಕೂತು ಎರಡನೆಯ ಸುತ್ತಿನ ಚಹಾ ಕುಡಿಯುತ್ತಿದ್ದರು. ಗಡಿಯಾರದವನು, ವಿಡಿಯೋ ನೋಡಿದರೆ ನಿಜ ಗೊತ್ತಾಗುತ್ತದೆ ಎಂದ. ಆ ಅಂಗೈಯಗಲದ ಪರದೆ ನನ್ನ ಕಣ್ಣಿಗೆ ಕಾಣುವುದಿಲ್ಲ, ಟೀವಿಗೇ ಹಾಕು ಎಂದಳು ಆಕೆ. ಸಂತೋಷವಾಗಿ ಕಾರ್ಡನ್ನು ಟೀವಿಯ ಹಿಂದೆ ಸಿಕ್ಕಿಸಿದ. ಮೂವರ ಮುಖವೂ ಸುಣ್ಣವಾದದ್ದನ್ನು ಕಣ್ತುಂಬ ನೋಡಿದ.

ಟೀವಿ ವಿಡಿಯೋದ ಪೆಟ್ಟಿಗೆಯನ್ನು ತೆರೆಯಿತು. ಧ್ವನಿಯ ಗಂಟನ್ನು ಬಿಚ್ಚಿತು. ಚಿತ್ರದ ಗಂಟು ಅದಕ್ಕೂ ಹೊಸದು, ಬಿಚ್ಚಲು ಬರಲಿಲ್ಲ. ಕಪ್ಪು ಪರದೆ, ಹಿಂದೆ ಹಕ್ಕಿಗಳ ಸದ್ದು.

"ಈಗ ನೋಡಿ, ನಿಮ್ಮನೆಯವರು ಬಂದ್ರು," ಎಂದು ಗಡಿಯಾರದವನು ಕತ್ತಲೆಗೆ ಬೆರಳು ತೋರಿಸಿದ. ನೀರು ಸುರಿಯುವ ಸದ್ದಾಯಿತು. ದಿನಾ ಹಾಕುತ್ತೇನಲ್ಲ ಎಂದ ಗಂಡ. "ಈಗ ಏಜೆಂಟ್ರು, ಕೆನ್ನೆ ಹತ್ರ ಎಳೀತಿದಾರೆ." ಏನೂ ಕೇಳಲಿಲ್ಲ. "ಈಗ ಮೇಷ್ಟ್ರು, ಕೈ ಬೀಸಿದ್ರು, ಹಾರ್ತು." ಒಂದು ಪಾರಿವಾಳ ಗುಟುರು ಹಾಕಿತು. ನಾನು ಹಾಗೆ ಕೂಗುವುದಿಲ್ಲ ಎಂದರು ಮೇಷ್ಟ್ರು.

ಆಮೇಲೆ ಪಟಪಟ ಎಂದು ಟವೆಲಿನ ಸದ್ದು. ಅದರ ಹಿಂದೆಯೇ, ಕೋಣೆಯ ನಾಲ್ಕೂ ಮೂಲೆಗೆ ಕೇಳುವಂತೆ, ಗಡಿಯಾರದವನದೇ ಧ್ವನಿ, ಮೊಗ್ಗಿನ ಜೊತೆ ಮಾತಾಡುತ್ತ:

"ಥೇಟ್ ನಿನ್ನ ಯಜಮಾನಿ ಕಣೆ ನೀನು. ಮೈಯೆಲ್ಲ ಮುಳ್ಳು. ನೀನಾದ್ರೂ ಇವತ್ತೊಂದಿನ ಬಾಯ್ಬಿಟ್ಟು ನಗ್ತಿದ್ದೆ. ಆ ಮಾರಿ ಅದೂ ಇಲ್ಲ."

ಏಜೆಂಟು ಸೂರು ನೋಡಿದ. ಮೇಷ್ಟ್ರು ಖಾಲಿ ಕಪ್ಪಿನಿಂದ ಚಹಾ ಕುಡಿದರು. ಯಜಮಾನಿ ರಿಮೋಟು ಎತ್ತಿ ಟೀವಿ ಆರಿಸಿ, ಗಡಿಯಾರದವನ ಕಡೆಗೆ ತಿರುಗಿ, ಹಲ್ಲು ಕಾಣುವಂತೆ ನಕ್ಕಳು. ಅದನ್ನು ನೋಡಿ ಅವಳ ಗಂಡನೇ ಬಾಗಿಲ ಕಡೆಗೆ ಎರಡು ಹೆಜ್ಜೆ ಸರಿದ.

"ಹೆರಿಗೆ ಆಗಿ ಮಗು ಕತ್ತು ನಿಲ್ಲಿಸೋವರೆಗೂ ನಿನ್ನ ಹೆಂಡತಿ ಇಲ್ಲೇ ಇರ್ಲಿ, ನಾನು ನೋಡ್ಕೋತೀನಿ," ಅಂದಳು ಮೆತ್ತಗೆ. "ನೀನು ಸಂಜೆಯೊಳಗೆ ಖಾಲಿ ಮಾಡು."

ಗಡಿಯಾರದವನು ಕೊನೆಯ ಆಸೆಯಿಂದ ಹೆಂಡತಿಯ ಕಡೆಗೆ ನೋಡಿದ. ಬಾಗಿಲಿಗೆ ಒರಗಿ ನಿಂತಿದ್ದ ಅವಳು ಒಂದು ಗಳಿಗೆಯೂ ಯೋಚಿಸಲಿಲ್ಲ.

"ಆಗ್ಲಿ ಅಮ್ಮಾ," ಅಂದಳು.